ಮುಖದ ನರನೋವಿಗೆ ಕಾರ್ಬಮಜೆಪಿನ್: ಮೂರೇ ದಿನದಲ್ಲಿ ನಿಂತಿದ್ದ ನೋವು ನಾಲ್ಕನೇ ವಾರ ಮರಳಿದೆ, ಏನು ಮಾಡಲಿ?

ಹೊಳೆದಂಡೆ, ಜೂನ್ 21

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವಳು, ಶಾಲಾ ಶಿಕ್ಷಕಿ. ಅಮ್ಮನಿಗೆ 64 ವರ್ಷ. ಕಳೆದ ದೀಪಾವಳಿಯ ಹೊತ್ತಿಗೆ ಬಲಗೆನ್ನೆಯಲ್ಲಿ ನೋವು ಶುರುವಾಯಿತು. ಹಲ್ಲುನೋವಿನಂತೆ ಒಂದೇ ಸಮನೆ ಕೊರೆಯುವ ನೋವಲ್ಲ. ಮೂಗಿನ ಪಕ್ಕದಿಂದ ಕೆಳದವಡೆಯವರೆಗೆ ಕರೆಂಟು ಹೊಡೆದ ಹಾಗೆ ಹರಿಯುತ್ತದೆ, ಕೆಲವೇ ಸೆಕೆಂಡು. ಅಷ್ಟರಲ್ಲಿ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿದ್ದಿರುತ್ತದೆ.

ಐದಾರು ತಿಂಗಳು ಅಮ್ಮ ಮುಖವನ್ನು ಅರ್ಧ ಮಾತ್ರ ತೊಳೆದಿದ್ದಾಳೆ. ಎಡಗೈಯಲ್ಲಿ ನೀರು ತೆಗೆದುಕೊಂಡು ಎಡಗೆನ್ನೆಗಷ್ಟೇ ಹಚ್ಚಿಕೊಳ್ಳುತ್ತಿದ್ದಳು. ಫ್ಯಾನಿನ ಗಾಳಿ ತಾಗಬಾರದೆಂದು ಸೆರಗನ್ನು ಕೆನ್ನೆಗೆ ಒತ್ತಿ ಹಿಡಿದು ಕೂರುತ್ತಿದ್ದಳು. ಮಾತನಾಡಿದರೂ ನೋವು ಬರುತ್ತಿದ್ದುದರಿಂದ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳು. ನಲವತ್ತು ವರ್ಷದ ಎಲೆ ಅಡಿಕೆಯ ಅಭ್ಯಾಸವೂ ಬಿಟ್ಟುಹೋಯಿತು. ಹಲ್ಲಿನದೇ ತೊಂದರೆ ಎಂದು ಎರಡು ದವಡೆಹಲ್ಲು ಕೀಳಿಸಿದೆವು. ನೋವು ಕದಲಲಿಲ್ಲ.

ಮೇ 24ರಂದು ಶಿವಮೊಗ್ಗದಲ್ಲಿ ನರರೋಗ ತಜ್ಞರು ನೋಡಿ ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದರೆ ಮುಖದ ನರನೋವು, ಎಂದರು. ಕಾರ್ಬಮಜೆಪಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಸಲ, ವಾರದ ನಂತರ 200 ಮಿ.ಗ್ರಾಂ. ಎರಡು ಸಲ. ಮೂರನೆಯ ದಿನ ಸಂಜೆ ಅಮ್ಮ ಅಡುಗೆಮನೆಯಿಂದ ನನ್ನನ್ನು ಹೆಸರು ಹಿಡಿದು ಕೂಗಿದಳು. ಅವಳ ದನಿ ಕೇಳಿ ನನಗೆ ಅಳು ಬಂದಿತು.

ಈಗ ನಾಲ್ಕನೇ ವಾರ. ನಾಲ್ಕು ದಿನದಿಂದ ನೋವು ಮತ್ತೆ ಬರುತ್ತಿದೆ. ಮಾತ್ರೆಯ ಶಕ್ತಿ ಮುಗಿಯಿತೇ? ನೆಂಟರೊಬ್ಬರು, "ಅದು ಮೂರ್ಛೆರೋಗದ ಮಾತ್ರೆ, ನಿಲ್ಲಿಸಿಬಿಡಿ" ಎನ್ನುತ್ತಿದ್ದಾರೆ. ತಜ್ಞರ ಮುಂದಿನ ಭೇಟಿಗೆ ಇನ್ನೂ ಎರಡು ವಾರವಿದೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಧಾರವಾಡದ ಮಾಸ್ತರ, ಜೂನ್ 21

ತಂಗೀ, ನೀವು ಬರೆದ ಒಂದೊಂದು ಸಾಲೂ ನನ್ನದೇ. ನನಗೆ ಈಗ 71. ಹನ್ನೊಂದು ವರ್ಷದಿಂದ ಇದೇ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಗಡ್ಡ ಬೋಳಿಸುವಾಗ ಬಂತು. ಬ್ಲೇಡು ಮೇಲ್ತುಟಿಯ ಮೂಲೆಗೆ ತಾಗಿದರೆ ಸಾಕು, ಕನ್ನಡಿಯ ಮುಂದೆ ಹಾಗೇ ಕುಸಿದು ಕೂರುತ್ತಿದ್ದೆ. ಎಂಟು ತಿಂಗಳು ಗಡ್ಡ ಬಿಟ್ಟೆ. ತರಗತಿಯಲ್ಲಿ ಪದ್ಯ ಓದಲಾಗದೆ ಮಕ್ಕಳ ಕೈಯಲ್ಲೇ ಓದಿಸುತ್ತಿದ್ದೆ. ಪ್ಯಾರಸಿಟಮಾಲ್, ಡೈಕ್ಲೋಫೆನಾಕ್ ಎಲ್ಲ ನುಂಗಿ ನೋಡಿದೆ, ಹೊಟ್ಟೆ ಕೆಟ್ಟಿತೇ ಹೊರತು ಕೆನ್ನೆಗೆ ಏನೂ ಆಗಲಿಲ್ಲ. ಕಾರ್ಬಮಜೆಪಿನ್ ಎರಡನೇ ದಿನಕ್ಕೆ ಕೆಲಸ ಮಾಡಿತು.

ನನಗೂ ಮೊದಲ ತಿಂಗಳ ಕೊನೆಗೆ ನೋವು ಮರಳಿತ್ತು. ಡಾಕ್ಟರು ಪ್ರಮಾಣ ಸ್ವಲ್ಪ ಏರಿಸಿದರು, ನಿಂತಿತು. ನಡುವೆ ಒಮ್ಮೆ ಒಂದೂವರೆ ವರ್ಷ ನೋವೇ ಇರಲಿಲ್ಲ. ಆಗ ಅವರೇ ನಿಧಾನವಾಗಿ ಇಳಿಸಿ ನಿಲ್ಲಿಸಿದ್ದರು, ನೋವು ಬಂದ ಮೇಲೆ ಮತ್ತೆ ಶುರುಮಾಡಿದರು. ನೀವಾಗಿಯೇ ನಿಲ್ಲಿಸಬೇಡಿ. ಎರಡು ವಾರ ಕಾಯುವುದೂ ಬೇಡ, ನಾಳೆಯೇ ಫೋನ್ ಮಾಡಿ. ಒಂದು ನೋಟ್‌ಬುಕ್ ಇಡಿ: ಯಾವ ಹೊತ್ತಿಗೆ ಮಾತ್ರೆ, ಯಾವ ಹೊತ್ತಿಗೆ ನೋವು, ಏನು ಮಾಡುವಾಗ ಬಂತು. ನನ್ನ ಡಾಕ್ಟರು ನನಗಿಂತ ಹೆಚ್ಚಾಗಿ ಆ ನೋಟ್‌ಬುಕ್ಕನ್ನೇ ನೋಡುತ್ತಾರೆ.

ವೈದ್ಯೆ ಮೈಸೂರು, ಜೂನ್ 21

ನಾನು ನರರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಣ್ಣಾರೆ ನೋಡದ ರೋಗಿಗೆ ಪ್ರಮಾಣ ಹೇಳುವುದಿಲ್ಲ. ಆದರೆ ನಾಲ್ಕನೇ ವಾರ ನೋವು ಮರಳಿದ್ದಕ್ಕೆ ಸ್ಪಷ್ಟ ಕಾರಣ ಇರಬಹುದು.

ಕಾರ್ಬಮಜೆಪಿನ್ ಯಕೃತ್ತಿನಲ್ಲಿ ಕಿಣ್ವಗಳನ್ನು ಹೆಚ್ಚಿಸುತ್ತದೆ, ಅದೇ ಕಿಣ್ವಗಳು ಕಾರ್ಬಮಜೆಪಿನ್ನನ್ನೂ ಒಡೆದು ಹಾಕುತ್ತವೆ. ಶುರುವಿನಲ್ಲಿ ರಕ್ತದಲ್ಲಿನ ಔಷಧ ಅರ್ಧಕ್ಕೆ ಇಳಿಯಲು 25ರಿಂದ 65 ಗಂಟೆ ಬೇಕು. ಮೂರರಿಂದ ಐದು ವಾರ ಕಳೆದ ಮೇಲೆ ಅದು 12ರಿಂದ 17 ಗಂಟೆಗೆ ಬರುತ್ತದೆ. ನುಂಗುವ ಮಾತ್ರೆ ಅಷ್ಟೇ, ನರಕ್ಕೆ ಸಿಗುವುದು ಕಡಿಮೆ. ಮೇ 24ಕ್ಕೆ ಶುರುವಾದದ್ದು ಜೂನ್ 17ಕ್ಕೆ ಸೋತಂತೆ ಕಾಣುವುದು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಇದನ್ನು ಔಷಧ ಸೋತಿತು ಎಂದು ತಿಳಿದು ಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

"ಮೂರ್ಛೆರೋಗದ ಮಾತ್ರೆ" ಎನ್ನುವ ನಿಮ್ಮ ನೆಂಟರಿಗೆ ಇದನ್ನು ಹೇಳಿ. 1953ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಗೈಗಿ ಕಂಪನಿಯ ವಾಲ್ಟರ್ ಶಿಂಡ್ಲರ್ ಇದನ್ನು ತಯಾರಿಸಿದರು. ಇದು ಮುಖದ ನರನೋವನ್ನು ನಿಲ್ಲಿಸುತ್ತದೆಂದು ಸ್ವೀಡನ್ನಿನ ವೈದ್ಯ ಬ್ಲಾಮ್ 1962ರಲ್ಲಿ ವರದಿ ಮಾಡಿದರು. ಅಮೆರಿಕದಲ್ಲಿ 1968ರಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದೇ ಈ ನೋವಿಗಾಗಿ. ಮೂರ್ಛೆರೋಗಕ್ಕೆ ಅಲ್ಲಿ ಅನುಮತಿ ಸಿಕ್ಕಿದ್ದು 1974ರಲ್ಲಿ.

ಅಡಿಕೆ ತೋಟದವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಪಂಪ್‌ಸೆಟ್ಟಿನ ವೈರಿಗೆ ಸೋಗೆ ಉಜ್ಜಿ ಉಜ್ಜಿ ಹೊದಿಕೆ ಸವೆದಿದೆ ಎಂದುಕೊಳ್ಳಿ. ಮೆದುಳಿನಿಂದ ಮುಖಕ್ಕೆ ಬರುವ ಐದನೇ ನರಕ್ಕೆ, ಅದರ ಬುಡದಲ್ಲೇ, ಒಂದು ರಕ್ತನಾಳ ತಾಗಿ ಮಿಡಿಯುತ್ತಿರುವುದು ಈ ರೋಗದಲ್ಲಿ ಬಹಳ ಸಾಮಾನ್ಯ. ಹೊದಿಕೆ ಸವೆದಲ್ಲಿ ಕಿಡಿ ಹಾರುತ್ತದೆ, ಗಾಳಿ ತಾಗಿದ ಸುದ್ದಿ ಸಿಡಿಲಾಗಿ ಮುಟ್ಟುತ್ತದೆ. ನರ ಹೀಗೆ ಬಿಡುವಿಲ್ಲದೆ ಸಿಡಿಯಲು ಅದರ ಪೊರೆಯಲ್ಲಿ ಸೋಡಿಯಂ ಒಳಬಿಡುವ ದ್ವಾರಗಳು ಮತ್ತೆ ಮತ್ತೆ ತೆರೆಯಬೇಕು. ಕಾರ್ಬಮಜೆಪಿನ್ ಹೆಚ್ಚಾಗಿ ಹಿಡಿಯುವುದು ಅತಿಯಾಗಿ ದುಡಿಯುತ್ತಿರುವ ದ್ವಾರಗಳನ್ನೇ. ಮೂರ್ಛೆಗೂ ಈ ನೋವಿಗೂ ಒಂದೇ ಔಷಧ ಆಗುವುದು ಇದಕ್ಕೇ.

ಅದರ ಬಲ ಎಷ್ಟು ಎಂದರೆ, ಹಳೆಯ ಪ್ರಯೋಗಗಳ ಲೆಕ್ಕದಲ್ಲಿ ಸುಮಾರು ಇಬ್ಬರಿಗೆ ಕೊಟ್ಟರೆ ಒಬ್ಬರಿಗೆ, ಔಷಧವೇ ಇಲ್ಲದ ಹುಸಿಗುಳಿಗೆಯಿಂದ ಸಿಗದಂಥ ದೊಡ್ಡ ಉಪಶಮನ ಸಿಗುತ್ತದೆ. ನರನೋವಿನ ಔಷಧಗಳಲ್ಲಿ ಇದು ಅಪರೂಪದ ಫಲ. ಆ ಪ್ರಯೋಗಗಳು ಚಿಕ್ಕವು, ಅಲ್ಪಾವಧಿಯವು ಎಂಬುದೂ ನಿಜ. ಕೆಲವರಿಗೆ ವರ್ಷಗಳು ಕಳೆದಂತೆ ಫಲ ಇಳಿಯುತ್ತದೆ, ಕೆಲವರಿಗೆ ಅಡ್ಡಪರಿಣಾಮ ತಾಳಲಾಗುವುದಿಲ್ಲ.

ಶುರುಮಾಡುವ ಮೊದಲು ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಸೋಡಿಯಂ ಪರೀಕ್ಷೆ ಆಗಿದೆಯೇ? ತಾಯಿಯವರು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?

ಮದ್ದಿನಂಗಡಿ ಕುಂದಾಪುರ, ಜೂನ್ 22

ಮೇಡಂ, ಮಾತ್ರೆಯನ್ನು ಎಲ್ಲಿ ಇಡುತ್ತೀರಿ? ಮಳೆಗಾಲ ಶುರುವಾಗಿದೆ, ಅದಕ್ಕೇ ಕೇಳುತ್ತಿದ್ದೇನೆ. ಈ ಔಷಧಕ್ಕೆ ತೇವ ಆಗದು. ತೇವ ಹಿಡಿದರೆ ಮಾತ್ರೆ ಗಟ್ಟಿಯಾಗಿ ಹೊಟ್ಟೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಮೂರನೇ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಶಕ್ತಿ ಹೋಗಬಹುದು. ನೋಡಲು ಮಾತ್ರೆ ಹಾಗೇ ಇರುತ್ತದೆ.

ಇನ್ನೊಂದು, ಕಂಪನಿ ಬದಲಾಯಿತೇ? ಜನೌಷಧಿ ಮಾತ್ರೆಯಾಗಲಿ, ಹೆಸರುವಾಸಿ ಕಂಪನಿಯದಾಗಲಿ, ನನ್ನ ಆಕ್ಷೇಪಣೆ ಇಲ್ಲ. ಆದರೆ ಒಂದಕ್ಕೆ ಹೊಂದಿಕೊಂಡ ಮೇಲೆ ಡಾಕ್ಟರಿಗೆ ಹೇಳದೆ ಬದಲಿಸಬೇಡಿ. ಡಬ್ಬದ ಮೇಲೆ ಸಿ.ಆರ್. ಎಂದಿದ್ದರೆ ಅದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಅಗಿಯಬಾರದು, ಕುಟ್ಟಿ ಪುಡಿಮಾಡಬಾರದು. ನಮ್ಮಲ್ಲಿ ಒಬ್ಬ ಅಜ್ಜಿಗೆ ನುಂಗಲು ಕಷ್ಟ ಎಂದು ಮನೆಯವರು ಪುಡಿಮಾಡಿ ಜೇನಿನಲ್ಲಿ ಕೊಡುತ್ತಿದ್ದರು. ಬೆಳಿಗ್ಗೆ ತೂಕಡಿಕೆ, ರಾತ್ರಿ ನೋವು.

ಹೊಳೆದಂಡೆ, ಜೂನ್ 22

ನಿಮ್ಮೆಲ್ಲರ ಉತ್ತರ ಓದಿ ನೇರ ಅಡುಗೆಮನೆಗೆ ಹೋದೆ. ಅಮ್ಮ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಹಳೆಯ ಕುಂಕುಮದ ಭರಣಿಯಲ್ಲಿ ಹಾಕಿ ಬಚ್ಚಲುಮನೆಯ ಗೂಡಿನಲ್ಲಿ ಇಟ್ಟಿದ್ದಾಳೆ! ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ನೆನಪಾಗಲಿ ಎಂದು ಅವಳ ಯೋಚನೆ. ಅದರ ಕೆಳಗೇ ಹಂಡೆ, ದಿನವಿಡೀ ಹಬೆ. ಒಂದು ಮಾತ್ರೆಯನ್ನು ಉಗುರಿನಿಂದ ಕೆರೆದು ನೋಡಿದೆ, ಕಲ್ಲಿನಂತಿದೆ. ಹೊಸ ಪಟ್ಟಿಯದು ಅಷ್ಟು ಗಟ್ಟಿ ಇಲ್ಲ. ಎಲ್ಲವನ್ನೂ ತೆಗೆದುಬಿಟ್ಟೆ. ಹೊಸ ಪಟ್ಟಿ ಈಗ ದೇವರ ಕೋಣೆಯ ಕಪಾಟಿನಲ್ಲಿದೆ.

ರಕ್ತಪರೀಕ್ಷೆ ಮೇ ತಿಂಗಳಲ್ಲಿ ಆಗಿತ್ತು, ಎಲ್ಲ ಸರಿಯಿತ್ತು. ಬಿ.ಪಿ.ಗೆ ಒಂದು ಮಾತ್ರೆ ಇದೆ. ತಜ್ಞರು ಫೋನಿನಲ್ಲಿ 200 ಮಿ.ಗ್ರಾಂ. ಮೂರು ಸಲ ಮಾಡಿ ಎಂದಿದ್ದಾರೆ.

ಬಯಲುಸೀಮೆ, ಜೂನ್ 23

ಎಲ್ಲರೂ ಈ ಮಾತ್ರೆಯ ಗುಣವನ್ನೇ ಹೇಳುತ್ತಿದ್ದೀರಿ. ನನ್ನ ಹೆಂಡತಿಗೆ ಆದದ್ದನ್ನೂ ಓದಿ. ಶುರುಮಾಡಿದ ಹದಿನೈದನೇ ದಿನ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪು. ಊರಿನ ಒಂದು ಆಸ್ಪತ್ರೆಯಲ್ಲಿ ಉಷ್ಣವೆಂದು ಹೇಳಿ ಮಾತ್ರೆ ಮುಂದುವರಿಸಲು ಹೇಳಿದರು. ಎರಡು ದಿನಕ್ಕೆ ಬೆನ್ನಿನ ಮೇಲೆ ಗುಳ್ಳೆ ಎದ್ದು ಚರ್ಮ ಸುಲಿಯತೊಡಗಿತು. ದೊಡ್ಡಾಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ. ಬದುಕಿದಳು. ಔಷಧದಿಂದ ಹೀಗೆ ಚರ್ಮ ಸುಲಿಯುವುದಕ್ಕೆ ಸ್ಟೀವನ್ಸ್-ಜಾನ್ಸನ್ ಎಂಬ ಹೆಸರಿದೆ ಎಂದು ನಾನು ಅಲ್ಲಿಯೇ ಮೊದಲು ಕೇಳಿದ್ದು. ಮಾತ್ರೆ ಕೊಟ್ಟವರು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು: "ಗುಳ್ಳೆ, ಬಾಯಿಹುಣ್ಣು, ಜ್ವರ ಬಂದರೆ ಅದೇ ಕ್ಷಣ ನಿಲ್ಲಿಸಿ ಓಡಿಬನ್ನಿ." ಆ ವಾಕ್ಯ ನಮಗೆ ಸಿಗಲಿಲ್ಲ. ಇಲ್ಲಿ ಓದುವವರಿಗಾದರೂ ಸಿಗಲಿ.

ಸಿಂಗಪುರದಿಂದ, ಜೂನ್ 23

ಬಯಲುಸೀಮೆಯವರೇ, ಓದಿ ಮನಸ್ಸು ಭಾರವಾಯಿತು. ನಾನಿರುವ ಸಿಂಗಪುರದಲ್ಲಿ 2013ರಿಂದ, ಏಷ್ಯಾ ಮೂಲದವರಿಗೆ ಕಾರ್ಬಮಜೆಪಿನ್ ಹೊಸದಾಗಿ ಶುರುಮಾಡುವ ಮೊದಲು ಚರ್ಮದ ಈ ಅಪಾಯವನ್ನು ಹೆಚ್ಚಿಸುವ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಇದೆಯೇ ಎಂದು ಪರೀಕ್ಷೆ ಮಾಡಿಸುವುದು ರೂಢಿಯ ಚಿಕಿತ್ಸೆಯ ಭಾಗ. ನನ್ನ ಮಾವನವರಿಗೂ ಮಾಡಿಸಿದರು, ಆ ಜೀನ್ ಇಲ್ಲವೆಂದು ಬಂದ ಮೇಲೆಯೇ ಮಾತ್ರೆ ಬರೆದರು.

ವೈದ್ಯೆ ಮೈಸೂರು, ಜೂನ್ 23

ಬಯಲುಸೀಮೆಯವರು ಹೇಳಿದ ಆ ಒಂದು ವಾಕ್ಯವನ್ನು ನಾನು ಪ್ರತಿ ಚೀಟಿಯ ಮೇಲೆ ಕನ್ನಡದಲ್ಲಿ ಬರೆಯುತ್ತೇನೆ, ಇನ್ನು ಮುಂದೆ ಅಡಿಗೆರೆಯನ್ನೂ ಎಳೆಯುತ್ತೇನೆ. ಈ ಅಪಾಯ ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ ಬರುತ್ತದೆ. 1502 ಜೀನ್ ಥಾಯ್ಲೆಂಡ್, ಮಲೇಷ್ಯಾ, ಚೀನಾ ಮೂಲದವರಲ್ಲಿ ಹೆಚ್ಚು. ದಕ್ಷಿಣ ಏಷ್ಯಾದವರಲ್ಲಿ ಸರಾಸರಿ 2ರಿಂದ 4 ಶೇಕಡ, ಕೆಲವು ಸಮುದಾಯಗಳಲ್ಲಿ ಇನ್ನೂ ಹೆಚ್ಚು. ಅಮೆರಿಕದ ಔಷಧ ಇಲಾಖೆ 2007ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಪರೀಕ್ಷೆಯಲ್ಲಿ ಜೀನ್ ಇಲ್ಲವೆಂದು ಬಂದರೂ ಚರ್ಮದ ಮೇಲೆ ಕಣ್ಣಿಟ್ಟಿರಬೇಕು. ಹಾಗೆಯೇ, ಕಾರ್ಬಮಜೆಪಿನ್‌ಗೆ ಗುಳ್ಳೆ ಎದ್ದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆಕ್ಸ್‌ಕಾರ್ಬಜೆಪಿನ್‌ಗೂ ಏಳುತ್ತದೆ. ಅದು ತಂಗಿಯಂಥ ಔಷಧ. ಬೇರೆ ಮಾತ್ರೆಗಳೊಂದಿಗೆ ಜಗಳ ಕಡಿಮೆ, ಆದರೆ ಸೋಡಿಯಂ ಇಳಿಸುವುದು ಹೆಚ್ಚು.

ತುಂಬೆಹೂ, ಜೂನ್ 24

ಆಯುರ್ವೇದದಲ್ಲಿ ಅನಂತವಾತ ಎಂದು ಹೇಳಿರುವುದು ಇದನ್ನೇ ಎನ್ನುತ್ತಾರೆ. ನಮ್ಮ ಚಿಕ್ಕಮ್ಮ ನಸ್ಯ ಮಾಡಿಸಿಕೊಂಡು, ಲವಂಗದ ಎಣ್ಣೆ ಹಚ್ಚಿ, ಎರಡು ತಿಂಗಳಲ್ಲಿ ಗುಣವಾದರು. ಇಷ್ಟು ಅಪಾಯದ ಮಾತ್ರೆಯನ್ನು ವಯಸ್ಸಾದವರಿಗೆ ಕೊಡುವ ಬದಲು ಅದನ್ನೇಕೆ ನೋಡಬಾರದು?

ಧಾರವಾಡದ ಮಾಸ್ತರ, ಜೂನ್ 24

ನಿಮ್ಮ ಚಿಕ್ಕಮ್ಮನಿಗೆ ಗುಣವಾದದ್ದು ಕೇಳಿ ಸಂತೋಷ. ಆದರೆ ಈ ನೋವು ತಾನಾಗಿಯೇ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬಿಡುವು ಕೊಡುತ್ತದೆ. ನನಗೆ ಒಂದೂವರೆ ವರ್ಷ ಬಿಡುವು ಸಿಕ್ಕಾಗ ಸವದತ್ತಿ ಎಲ್ಲಮ್ಮನಿಗೆ ಹೊತ್ತ ಹರಕೆಯಿಂದ ಎಂದು ನಮ್ಮ ಮನೆಯವರು ನಂಬಿದ್ದರು, ನಾನೂ ಬೇಡವೆನ್ನಲಿಲ್ಲ. ಬಿಡುವಿನಲ್ಲಿ ಯಾವುದನ್ನು ಮಾಡುತ್ತಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ನೋವು ಹತ್ತಿದ ಹೊತ್ತಿನಲ್ಲಿ, ಅನ್ನದ ಮುಂದೆ ಕೂತು ಬಾಯಿ ತೆರೆಯಲಾಗದವನಿಗೆ, ಎರಡು ದಿನದಲ್ಲಿ ತೆರೆಯುವಂತೆ ಮಾಡಿದ್ದು ಯಾವುದು ಎಂಬುದಷ್ಟೇ ನನ್ನ ಪ್ರಶ್ನೆ.

ಹಾಸನದ ದಂತವೈದ್ಯ, ಜೂನ್ 25

ಎರಡು ಹಲ್ಲು ಕಿತ್ತ ವಿಷಯಕ್ಕೆ ನಮ್ಮ ವೃತ್ತಿಯವರ ಪರವಾಗಿ ಬೇಸರವಿದೆ. ರೋಗಿಗಳು ಮೊದಲು ಬರುವುದು ನಮ್ಮ ಕುರ್ಚಿಗೇ. ಹಲ್ಲಿನ ನೋವು ಬಿಸಿ ತಣ್ಣಗಿನದಕ್ಕೆ ಎಳೆಯುತ್ತದೆ, ತಟ್ಟಿದರೆ ಆ ಒಂದು ಹಲ್ಲು ಹೇಳುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ನರದ ನೋವು ಚರ್ಮವನ್ನು ಗರಿಯಿಂದ ಮುಟ್ಟಿದಷ್ಟಕ್ಕೇ ಸಿಡಿದು, ಸೆಕೆಂಡುಗಳಲ್ಲಿ ಅಳಿಸಿಹೋಗುತ್ತದೆ. ನಿದ್ದೆಯಲ್ಲಿ ಬರುವುದು ಅಪರೂಪ. ಎಕ್ಸ್‌ರೇಯಲ್ಲಿ ಹಲ್ಲು ಸ್ವಚ್ಛವಾಗಿದ್ದು ರೋಗಿ ಕೆನ್ನೆ ಮುಟ್ಟಲು ಬಿಡದಿದ್ದರೆ ಇಕ್ಕಳವನ್ನು ಕೆಳಗಿಡುತ್ತೇನೆ. ಈ ಔಷಧಕ್ಕೆ ನೋವು ಥಟ್ಟನೆ ನಿಂತರೆ ರೋಗನಿರ್ಣಯಕ್ಕೂ ಅದೊಂದು ಆಸರೆ.

ಹೊಳೆದಂಡೆ, ಜುಲೈ 3

ನೋವು ಪೂರ್ತಿ ನಿಂತು ಆರು ದಿನವಾಯಿತು. ಆದರೆ ಅಮ್ಮ ಸರಿಯಿಲ್ಲ. ನಡೆಯುವಾಗ ಗೋಡೆ ಹಿಡಿಯುತ್ತಾಳೆ. ನಿನ್ನೆ ಕೊಟ್ಟಿಗೆಯ ಮೆಟ್ಟಿಲಲ್ಲಿ ಎಡವಿದಳು. ಇವತ್ತು ಬೆಳಿಗ್ಗೆ ಒಂದೇ ಪಾತ್ರೆಗೆ ಎರಡು ಸಲ ಅಕ್ಕಿ ಹಾಕಿದಳು, ಕೇಳಿದರೆ ಹಾಕಿಲ್ಲ ಎಂದಳು. ತಲೆನೋವು, ವಾಕರಿಕೆ. ಮಾತ್ರೆ ಹೆಚ್ಚಾದದ್ದಕ್ಕೆ ಮಂಪರು ಇರಬಹುದು, ಹೊಂದಿಕೊಳ್ಳುತ್ತಾಳೆ ಎಂದು ಅಪ್ಪ ಹೇಳುತ್ತಾರೆ.

ಮದ್ದಿನಂಗಡಿ ಕುಂದಾಪುರ, ಜುಲೈ 3

ಬಿ.ಪಿ. ಮಾತ್ರೆಯ ಹೆಸರನ್ನು ಪೂರ್ತಿ ಓದಿ ಹೇಳಿ. ಕೊನೆಯಲ್ಲಿ ಎಚ್ ಅಕ್ಷರ ಇದೆಯೇ? ಈಚೆಗೆ ಕೆಮ್ಮು ಜ್ವರವೆಂದು ಕ್ಲಾರಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಏನಾದರೂ ಕೊಟ್ಟಿದ್ದೀರಾ? ಅದು ರಕ್ತದಲ್ಲಿ ಕಾರ್ಬಮಜೆಪಿನ್ ಏರಿಸುತ್ತದೆ. ನಮ್ಮ ಗಿರಾಕಿಯೊಬ್ಬರಿಗೆ ಮೂರೇ ದಿನಕ್ಕೆ ರಸ್ತೆ ಎರಡೆರಡು ಕಾಣಿಸಿತ್ತು.

ಹೊಳೆದಂಡೆ, ಜುಲೈ 3

ಬೇರೆ ಏನೂ ಕೊಟ್ಟಿಲ್ಲ. ಬಿ.ಪಿ. ಮಾತ್ರೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿರುವುದು. ಹೌದು, ಎಚ್ ಇದೆ.

ವೈದ್ಯೆ ಮೈಸೂರು, ಜುಲೈ 3

ಇವತ್ತೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಸೋಡಿಯಂ ನೋಡಿಸಿ. ನಾಳೆಗೆ ಬಿಡಬೇಡಿ. ಕಾರ್ಬಮಜೆಪಿನ್ ದೇಹದಲ್ಲಿ ನೀರನ್ನು ಉಳಿಸಿ ಸೋಡಿಯಂ ತೆಳುವಾಗಿಸುತ್ತದೆ. ಆ ಬಿ.ಪಿ. ಮಾತ್ರೆಯಲ್ಲಿರುವ ಮೂತ್ರವರ್ಧಕ ಸೋಡಿಯಂ ಅನ್ನು ಹೊರಗೆ ಹಾಕುತ್ತದೆ. ವಯಸ್ಸಾದವರಲ್ಲಿ ಇವೆರಡೂ ಸೇರಿದರೆ ಗೊಂದಲ, ಬೀಳುವುದು, ಕೆಲವೊಮ್ಮೆ ಫಿಟ್ಸ್ ಕೂಡ ಆಗಬಹುದು. ಎರಡೂ ಮಾತ್ರೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ಸರಿಮಾಡಲು ಹೋಗಬೇಡಿ.

ಹೊಳೆದಂಡೆ, ಜುಲೈ 6

ಸೋಡಿಯಂ 123 ಇತ್ತು. ಇರಬೇಕಾದದ್ದು 135ರ ಮೇಲೆ. ಶಿವಮೊಗ್ಗದಲ್ಲಿ ಮೂರು ದಿನ ಇಟ್ಟುಕೊಂಡು ನಿಧಾನವಾಗಿ ಏರಿಸಿದರು. ಬೇಗ ಏರಿಸಿದರೆ ಮೆದುಳಿಗೇ ಪೆಟ್ಟು ಎಂದು ಆರು ಗಂಟೆಗೊಮ್ಮೆ ರಕ್ತ ತೆಗೆದು ನೋಡುತ್ತಿದ್ದರು. ಎಚ್ ಇರುವ ಬಿ.ಪಿ. ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟಿದ್ದಾರೆ. ಕಾರ್ಬಮಜೆಪಿನ್ ಮತ್ತೆ 200 ಎರಡು ಸಲಕ್ಕೆ ಇಳಿಸಿ, ರಾತ್ರಿಗೆ ಗ್ಯಾಬಪೆಂಟಿನ್ ಎಂಬ ಇನ್ನೊಂದು ನರನೋವಿನ ಮಾತ್ರೆ 300 ಮಿ.ಗ್ರಾಂ. ಸೇರಿಸಿದ್ದಾರೆ. ಗ್ಯಾಬಪೆಂಟಿನ್ ಒಂದನ್ನೇ ಕೊಡಬಹುದಿತ್ತಲ್ಲ ಎಂದು ಕೇಳಿದೆ. ಈ ನೋವಿಗೆ ಅದರ ಫಲದ ಆಧಾರ ಕಾರ್ಬಮಜೆಪಿನ್‌ನಷ್ಟು ಗಟ್ಟಿಯಿಲ್ಲ, ಕಾರ್ಬಮಜೆಪಿನ್ ಏರಿಸಲಾಗದಾಗ ಜೊತೆಗೆ ಒಳ್ಳೆಯದು ಎಂದರು. ಗ್ಯಾಬಪೆಂಟಿನ್ ಮೂತ್ರಪಿಂಡದ ಮೂಲಕ ಹೋಗುವುದರಿಂದ ಕ್ರಿಯಾಟಿನಿನ್ ನೋಡಿಯೇ ಬರೆದರು.

ಬಿ.ಪಿ. ಮಾತ್ರೆಯ ವಿಷಯ ಮೊದಲ ದಿನವೇ ನೀವು ಕೇಳಿದ್ದಿರಿ. ನಾನು "ಒಂದು ಮಾತ್ರೆ ಇದೆ" ಎಂದಷ್ಟೇ ಬರೆದು ಹೆಸರು ಹೇಳಲಿಲ್ಲ. ಶಿವಮೊಗ್ಗಕ್ಕೆ ಹೋಗುವ ದಾರಿಯುದ್ದಕ್ಕೂ ಅದೇ ಮನಸ್ಸಿನಲ್ಲಿತ್ತು.

ವೈದ್ಯೆ ಮೈಸೂರು, ಜುಲೈ 6

ನಾನೂ ಆ ದಿನ ಮತ್ತೊಮ್ಮೆ ಕೇಳಬೇಕಿತ್ತು. ಈಗ ಎರಡು ವಾರಕ್ಕೆ ಸೋಡಿಯಂ ಮತ್ತೆ ನೋಡಿಸಿ. ಈ ಔಷಧ ಹಲವು ಬಿ.ಪಿ. ಮಾತ್ರೆಗಳನ್ನು, ರಕ್ತ ತೆಳುಮಾಡುವ ವಾರ್ಫರಿನ್ನನ್ನು, ಗರ್ಭನಿರೋಧಕ ಗುಳಿಗೆಗಳನ್ನು ಬೇಗ ಒಡೆದು ಹಾಕುತ್ತದೆ. ಹೊಸ ಬಿ.ಪಿ. ಮಾತ್ರೆ ಸರಿಯಾಗಿ ಹಿಡಿದಿದೆಯೇ ಎಂದು ವಾರಕ್ಕೊಮ್ಮೆ ಅಳೆಸಿ.

ಬನಶಂಕರಿ, ಜುಲೈ 8

ನನಗೆ 52. ಆರು ವರ್ಷ ಕಾರ್ಬಮಜೆಪಿನ್ ತೆಗೆದುಕೊಂಡೆ. ಕೊನೆಯ ವರ್ಷ ದಿನಕ್ಕೆ 1,200 ಮಿ.ಗ್ರಾಂ. ನುಂಗಿದರೂ ನೋವು, ನುಂಗಿದ್ದಕ್ಕೆ ಮಂಪರು. ಬೆಂಗಳೂರಿನಲ್ಲಿ ಕಿವಿಯ ಹಿಂದೆ ತೆರೆದು, ನರಕ್ಕೆ ಒರಗಿದ್ದ ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕು ಇಟ್ಟರು. ಅಮೆರಿಕದ ಪೀಟರ್ ಜನೆಟ್ಟಾ ರೂಢಿಗೆ ತಂದ ಶಸ್ತ್ರಚಿಕಿತ್ಸೆ ಇದು. ಎಚ್ಚರವಾದಾಗ ನರ್ಸ್ ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತಿದ್ದರು, ಕೆನ್ನೆಯನ್ನೂ ಒರೆಸಿದರು, ನಾನು ಸುಮ್ಮನೆ ಮಲಗಿದ್ದೆ. ಮೂರು ವರ್ಷವಾಯಿತು, ನೋವಿಲ್ಲ. ಆ ಕಿವಿ ಸ್ವಲ್ಪ ಮಂದವಾಗಿದೆ, ಅದನ್ನೂ ಹೇಳಬೇಕು. ದೊಡ್ಡ ಶಸ್ತ್ರಚಿಕಿತ್ಸೆ ಬೇಡವಾದವರಿಗೆ ಸೂಜಿಯ ಮೂಲಕ ನರಕ್ಕೆ ಬಿಸಿ ಕೊಡುವುದು, ಬಲೂನಿನಿಂದ ಒತ್ತುವುದು, ಗಾಮಾ ನೈಫ್ ವಿಕಿರಣ ಇವೆ. ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಇವುಗಳಲ್ಲಿ ಮುಖಕ್ಕೆ ಜೋಮು ಬರುವ ಸಾಧ್ಯತೆ ಇದೆ ಎಂದು ನನಗೆ ವಿವರಿಸಿದ್ದರು.

ಹೊಳೆದಂಡೆ, ಜುಲೈ 27

ಸೋಡಿಯಂ 137. ಗೋಡೆ ಹಿಡಿಯುವುದು ನಿಂತಿದೆ. ನೋವು ವಾರಕ್ಕೆ ಒಂದೆರಡು ಸಲ, ಚುಚ್ಚಿದಷ್ಟು ಮಾತ್ರ, ಅದೂ ಬೆಳಿಗ್ಗೆ ಮಾತ್ರೆ ತಡವಾದರೆ. ನೋಟ್‌ಬುಕ್ ನಲವತ್ತು ಪುಟ ದಾಟಿದೆ, ಈಗ ಅಮ್ಮನೇ ಬರೆಯುತ್ತಾಳೆ. ನಿನ್ನೆ ಅಂಗಳದ ತೊಟ್ಟಿಯ ಹತ್ತಿರ ಬಗ್ಗಿ, ಎರಡೂ ಕೈಯಲ್ಲಿ ನೀರು ತುಂಬಿ ಮುಖಕ್ಕೆ ಎರಚಿಕೊಂಡಳು. ಒಂದು ಗಳಿಗೆ ಹಾಗೇ ನಿಂತು, ಮತ್ತೆ ಎರಚಿಕೊಂಡಳು. ನಾಲ್ಕನೇ ಸಲಕ್ಕೆ ರವಿಕೆಯೆಲ್ಲ ಒದ್ದೆ. ಅಪ್ಪ ಟವೆಲ್ ಹಿಡಿದು ಕಾಯುತ್ತಿದ್ದರು.

ಎಂ.ಆರ್.ಐ. ಆಯಿತು. ಬಲಗಡೆಯ ನರಕ್ಕೆ ರಕ್ತನಾಳದ ಕುಣಿಕೆಯೊಂದು ತಾಗಿದೆ ಎಂದು ವರದಿಯಲ್ಲಿದೆ. ಗಡ್ಡೆ ಏನೂ ಇಲ್ಲ. ಸದ್ಯಕ್ಕೆ ಮಾತ್ರೆಯೇ ಸಾಕು, ಆದರೂ ನರಶಸ್ತ್ರಚಿಕಿತ್ಸಕರನ್ನು ಒಮ್ಮೆ ಕಂಡು ಬನ್ನಿ ಎಂದು ತಜ್ಞರು ಬರೆದುಕೊಟ್ಟಿದ್ದಾರೆ. ಆಗಸ್ಟ್ 12ಕ್ಕೆ ಬೆಂಗಳೂರಿಗೆ ಹೊರಡುತ್ತೇವೆ.

ಬನಶಂಕರಿ, ಜುಲೈ 27

ವರದಿಯ ಹಾಳೆ ಮಾತ್ರ ಸಾಲದು, ಎಂ.ಆರ್.ಐ. ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆದುಕೊಳ್ಳಿ. ಅವರು ಚಿತ್ರವನ್ನೇ ನೋಡುತ್ತಾರೆ. ಬಸ್ಸಿನಲ್ಲಿ ಬಲಗೆನ್ನೆಗೆ ಕಿಟಕಿಯ ಗಾಳಿ ತಾಗದಂತೆ ಎಡಬದಿಯ ಸೀಟು ಕಾದಿರಿಸಿ. ರಾತ್ರಿಯ ಮಾತ್ರೆಯನ್ನು ಬ್ಯಾಗಿನ ಅಡಿಯಲ್ಲಿ ಇಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.